ವೆಂಡೆಲ್ ಟಗಲ್‌ನ ದವಡೆ ನಿಂತಾಗ

ತನ್ನ ದವಡೆಯ ವಿಷಯ ವೆಂಡೆಲ್ ಟಗಲ್ ಒಬ್ಬನನ್ನು ಬಿಟ್ಟು ಅಮೆರಿಕದ ದಕ್ಷಿಣ ಜಾರ್ಜಿಯಾದ ಸ್ಕೌಟುಗಳಿಗೆಲ್ಲ ಗೊತ್ತಿತ್ತು.

ಕೂದಲು ಕಪ್ಪಗಿದ್ದ ಕಾಲದಿಂದ ಟಗಲ್‌ನದು ಒಂದೇ ಕಸುಬು, ಸ್ಕೌಟಿನದು. ಕ್ಲಬ್ಬು ಕೊಟ್ಟ ಕಾರಿನಲ್ಲಿ ಊರೂರು ಸುತ್ತುವುದು, ಹೈಸ್ಕೂಲು ಮೈದಾನಗಳಲ್ಲಿ ಬೇಸ್‌ಬಾಲ್ ಆಡುವ ಹುಡುಗರನ್ನು ನೋಡುವುದು, ಅಂಕ ಹಾಕುವುದು. ಓಟಕ್ಕೊಂದು ಅಂಕ, ಎಸೆತಕ್ಕೊಂದು, ಬ್ಯಾಟಿಗೊಂದು. ಅಂಕ ಇಪ್ಪತ್ತರಿಂದ ಶುರುವಾಗಿ ಎಂಬತ್ತಕ್ಕೆ ಮುಗಿಯುತ್ತದೆ. ಸೊನ್ನೆಯಿಂದ ನೂರು ಯಾಕಲ್ಲ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೇಳಿದವನು ಈ ಕಸುಬಿಗೆ ಹೊಸಬ ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಜೂನ್ ಬಂತೆಂದರೆ ಡ್ರಾಫ್ಟು. ದೊಡ್ಡ ಕ್ಲಬ್ಬುಗಳೆಲ್ಲ ಸರದಿಯ ಪ್ರಕಾರ ಒಬ್ಬೊಬ್ಬ ಹುಡುಗನ ಹೆಸರು ಕೂಗುತ್ತವೆ. ಒಂದು ಕ್ಲಬ್ಬು ಕೂಗಿದ ಹುಡುಗನನ್ನು ಇನ್ನೊಂದು ಕ್ಲಬ್ಬು ಮುಟ್ಟುವ ಹಾಗಿಲ್ಲ.

ಆದ್ದರಿಂದ ಸ್ಕೌಟಿನ ಕೆಲಸ ಅರ್ಧ ನೋಡುವುದು, ಉಳಿದರ್ಧ ನೋಡಿದ್ದನ್ನು ಮುಚ್ಚಿಡುವುದು. ಹೆಣ್ಣು ನೋಡಲು ಹೋದವರು ಹುಡುಗಿ ಎಷ್ಟೇ ಹಿಡಿಸಿದರೂ ಉಪ್ಪಿಟ್ಟು ಮುಗಿಸಿ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಮುಖ ಬಿಗಿದು ಏಳುತ್ತಾರಲ್ಲ, ಹಾಗೆ. ಹುಡುಗ ಹಿಡಿಸಿದನೆಂದರೆ ಆಕಳಿಸಬೇಕು. ಅರ್ಧ ಆಟಕ್ಕೇ ಎದ್ದು ಕಾರಿನ ಕಡೆ ಹೋಗಬೇಕು, ಹೋಗಿ ಬೇಲಿಯ ಸಂದಿಯಿಂದ ನೋಡಬೇಕು. ಅಕ್ಕಪಕ್ಕ ಕೂತ ಬೇರೆ ಕ್ಲಬ್ಬಿನವರೊಂದಿಗೆ ಊಟ, ಜೋಕು, ಹೆಂಡತಿಯ ಮೊಣಕಾಲು ನೋವು ಎಲ್ಲವನ್ನೂ ಹಂಚಿಕೊಳ್ಳಬಹುದು. ಹಿಡಿಸಿದ ಹುಡುಗನ ಹೆಸರನ್ನು ಮಾತ್ರ ಹಂಚಿಕೊಳ್ಳುವಂತಿಲ್ಲ.

ಟಗಲ್ ಈ ವಿದ್ಯೆಯಲ್ಲಿ ತಾನು ಪಳಗಿದವನೆಂದೇ ತಿಳಿದಿದ್ದ. ಆದರೂ ಅವನು ಮೆಚ್ಚಿದ ಹುಡುಗರೆಲ್ಲ ಡ್ರಾಫ್ಟಿನ ದಿನ ಅವನ ಕ್ಲಬ್ಬಿನ ಸರದಿ ಬರುವ ಮೊದಲೇ ಮಾಯವಾಗುತ್ತಿದ್ದರು. ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಿದ್ದ. ಹಣೆಬರಹ ಅಲ್ಲ ಎಂದು ತಿಳಿಸಿದವಳು ಹೆಂಡತಿ ಲೂರೀನ್, ಅದೂ ಚರ್ಚಿನಿಂದ ಬಂದು ಹ್ಯಾಟು ತೆಗೆಯುತ್ತ.

“ಆ ಬೇರೆ ಕ್ಲಬ್ಬಿನ ಸ್ಕೌಟು ಹಾರ್ಲನ್ ಬೀಸ್ಲಿ, ಅವನ ಹೆಂಡ್ತಿ ಸಿಕ್ಕಿದ್ಲು. ಹೊಸಾ ಅಡಿಗೆಮನೆ ಮಾಡಿಸ್ತಿದಾರಂತೆ. ಎಲ್ಲಾ ನಿಮ್ಮ ಯಜಮಾನ್ರ ದವಡೆ ಪುಣ್ಯ ಅಂದ್ಲು.”

“ಯಾರ ದವಡೆ?”

“ನಿನ್ನ ದವಡೆ. ಒಳ್ಳೆ ಹುಡುಗ ಕಣ್ಣಿಗೆ ಬಿದ್ರೆ ನೀನು ಅಗಿಯೋದು ನಿಲ್ಲಿಸ್ತೀಯಂತೆ. ಕಡಲೆಕಾಯಿ ಬಾಯಲ್ಲೇ ನಿಂತುಬಿಡುತ್ತಂತೆ. ಬೀಸ್ಲಿ ಆಟ ನೋಡೋದೇ ಇಲ್ವಂತೆ, ನಿನ್ನ ನೋಡ್ತಾ ಕೂರ್ತಾನಂತೆ.”

ಟಗಲ್‌ಗೆ ಬೇಯಿಸಿದ ಕಡಲೆಕಾಯಿ ಇಲ್ಲದೆ ಆಟ ನೋಡುವ ಅಭ್ಯಾಸವೇ ಇರಲಿಲ್ಲ. ಮೈದಾನದ ಬಾಗಿಲಲ್ಲಿ ಹುಡುಗರ ತಾಯಂದಿರು ಒದ್ದೆ ಕಾಗದದ ಚೀಲದಲ್ಲಿ ಉಪ್ಪುಪ್ಪಾಗಿ ಮಾರುತ್ತಾರೆ. ಒಂದು ಚೀಲ ಕೊಂಡು ಕೂತರೆ ಆಟ ಮುಗಿಯುವವರೆಗೆ ಅವನ ಬಾಯಿ ಆಡುತ್ತಲೇ ಇರುತ್ತಿತ್ತು. ಆದರೆ ನಿಲ್ಲುತ್ತದೆ ಎಂಬುದನ್ನು ಅವನು ಒಪ್ಪಲಿಲ್ಲ. ಅಪಪ್ರಚಾರ ಎಂದ. ಹೊಟ್ಟೆಕಿಚ್ಚು ಎಂದ. ಲೂರೀನ್ ವಾದಕ್ಕೆ ಇಳಿಯಲಿಲ್ಲ. ಅವನ ಮುಂದೆ ಒಂದು ಬಟ್ಟಲು ಕಡಲೆಕಾಯಿ ಇಟ್ಟಳು, ತಿನ್ನಲು ಬಿಟ್ಟಳು, ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದು ಅವನಿಗೆ ಪ್ರಾಣವಾದ ಸಿಹಿ, ತಾನು ಮಾಡಿದ ಪೀಕನ್ ಪೈಯನ್ನು ಹೊರಗಿಟ್ಟಳು. ಟಗಲ್‌ನ ದವಡೆ ಅರ್ಧದಲ್ಲೇ ನಿಂತಿತು. ಲೂರೀನ್ ಪೈಯನ್ನು ಒಳಗಿಟ್ಟು ಬಾಗಿಲು ಹಾಕಿದಳು. ದವಡೆ ಮತ್ತೆ ಆಡತೊಡಗಿತು.

“ನೋಡ್ದ್ಯಾ?” ಅಂದಳು.

ಅವನಿಗೆ ಎಂಥ ಅವಮಾನವಾಯಿತೆಂದರೆ ಆ ದಿನ ಪೈ ಕೊಟ್ಟರೂ ತಿನ್ನಲಿಲ್ಲ. ಇಷ್ಟು ವರ್ಷ ತನ್ನ ಕಣ್ಣಿನ ಫಲವನ್ನೆಲ್ಲ ಹಾರ್ಲನ್ ಬೀಸ್ಲಿ ಉಂಡು ಅಡಿಗೆಮನೆ ಕಟ್ಟಿಸುತ್ತಿದ್ದಾನೆ!

ಅದೇ ವಾರ ಕ್ಲಬ್ಬಿನಿಂದ ಗ್ರೆಚೆನ್ ವಾಲ್ಷ್ ಫೋನು ಮಾಡಿದಳು. ಸ್ಕೌಟುಗಳಿಗೆಲ್ಲ ಅವಳೇ ಮೇಲಧಿಕಾರಿ. ಟಗಲ್‌ಗಿಂತ ಎಷ್ಟೋ ಚಿಕ್ಕವಳು, ಮಾತು ಕಡಿಮೆ.

“ವೆಂಡೆಲ್, ನಿಮ್ಮ ಸೀಮೆಯಿಂದ ನಮಗೆ ಒಬ್ಬ ಹುಡುಗ ಸಿಕ್ಕಿ ಎಷ್ಟು ಕಾಲ ಆಯ್ತು ಹೇಳಿ. ಈ ವರ್ಷ ಒಬ್ಬನ್ನ ತನ್ನಿ. ಒಬ್ಬನೇ ಸಾಕು, ಆದ್ರೆ ನಿಜವಾಗ್ಲೂ ಸಿಗಬೇಕು. ಇಲ್ಲಾಂದ್ರೆ ಕಾರಿನ ಕೀ ನನ್ನ ಟೇಬಲ್ ಮೇಲೆ ಇಟ್ಟುಬಿಡಿ. ಜಗಳ ಬೇಡ.”

ಕಾರು ಹೋದರೆ ಕಸುಬು ಹೋಯಿತು. ಟಗಲ್‌ಗೆ ಬೇರೆ ಕಸುಬು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮಾರ್ಚಿನ ಬಿಸಿಲಲ್ಲಿ ಕಬ್ಬಿಣದ ಮೆಟ್ಟಿಲ ಮೇಲೆ ಕೂತು ಇನ್ನೊಬ್ಬರ ಮಕ್ಕಳನ್ನು ನೋಡುವುದಕ್ಕಿಂತ ದೊಡ್ಡ ಸುಖವಿದೆಯೆಂದು ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಆ ಮಾರ್ಚಿನಲ್ಲೇ ಪೈನಿ ಬ್ಲಫ್ ಎಂಬ ಪುಟ್ಟ ಊರಿನ ಶಾಲೆಯಲ್ಲಿ ಅವನು ರೂಫಸ್ ಟಿಲ್ಮನ್‌ನನ್ನು ಕಂಡ. ಪಿಚರ್, ಎಂದರೆ ಬ್ಯಾಟಿನವನಿಗೆ ಚೆಂಡು ಎಸೆಯುವವನು. ಎಡಗೈ. ಅಂಗಿ ತೊಡಿಸಿದ ಕೋಲಿನ ಹಾಗೆ ತೆಳ್ಳಗಿದ್ದ. ಚೆಂಡಿನ ವೇಗ ಅಳೆಯುವ ಗನ್ನು ಹಿಡಿದು ನೋಡಿದರೆ ಹೇಳಿಕೊಳ್ಳುವಂಥ ವೇಗವೇನಿಲ್ಲ. ಬೇರೆಯವರು ಗನ್ನು ನೋಡಿ ಎದ್ದು ಹೋಗುತ್ತಿದ್ದುದೂ ಅದಕ್ಕೇ. ಟಗಲ್ ಗನ್ನು ಬಿಟ್ಟು ಬ್ಯಾಟು ಹಿಡಿದವರ ಮುಖ ನೋಡಿದ. ಎದುರಿನ ತಂಡದ ಗಟ್ಟಿ ಹುಡುಗರು ಒಬ್ಬರಾದ ಮೇಲೊಬ್ಬರು ಚೆಂಡು ಹೋದ ಮೇಲೆ ಬ್ಯಾಟು ಬೀಸಿ, ತಮ್ಮ ಬ್ಯಾಟಿಗೆ ಏನೋ ಆಗಿದೆಯೆಂಬಂತೆ ಅದನ್ನೇ ತಿರುಗಿಸಿ ನೋಡುತ್ತ ವಾಪಸು ಹೋಗುತ್ತಿದ್ದರು. ಹಿಡಿಯುವವನ ಕೈಗವಸು ಮಾತ್ರ ಇಟ್ಟ ಜಾಗದಿಂದ ಅಲುಗುತ್ತಿರಲಿಲ್ಲ. ಓಟಗಾರರು ಮೊದಲು ಮುಟ್ಟುವ ಗುರುತು, ಮೊದಲ ಬೇಸಿನಲ್ಲಿ, ಕಾವಲು ನಿಂತ ತನ್ನದೇ ತಂಡದ ದಡಿಯ ಹುಡುಗನೊಬ್ಬ ಸುಲಭದ ಚೆಂಡು ಕೈಬಿಟ್ಟಾಗ ರೂಫಸ್ ಸಿಟ್ಟಾಗಲಿಲ್ಲ. ಹತ್ತಿರ ಹೋಗಿ ಏನೋ ಹೇಳಿ ಅವನನ್ನು ನಗಿಸಿ ಬಂದು, ಮುಂದಿನವನನ್ನು ಔಟು ಮಾಡಿದ.

ಟಗಲ್ ಬೆಚ್ಚಿಬಿದ್ದು ತನ್ನ ದವಡೆ ಮುಟ್ಟಿ ನೋಡಿಕೊಂಡ. ನಿಂತಿತ್ತು. ದೇವರ ದಯೆ, ಸುತ್ತಮುತ್ತ ಯಾರೂ ಇರಲಿಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದ. ಮತ್ತೆ ಮತ್ತೆ ಆ ಊರಿಗೆ ಹೋದರೆ ಬೀಸ್ಲಿ ಬೆನ್ನು ಹತ್ತುವುದು ಖಂಡಿತ. ಹೋಗದಿದ್ದರೆ ಹುಡುಗನನ್ನು ಅಳೆಯುವುದು ಹೇಗೆ? ಆಗ ಹೊಳೆಯಿತು. ದವಡೆ ಇಷ್ಟು ವರ್ಷ ಅವನಿಗೆ ಮೋಸ ಮಾಡಿತ್ತು, ಇನ್ನು ಅವನ ಪರವಾಗಿ ಊರಿಗೆ ಮೋಸ ಮಾಡಲಿ.

ಅದಕ್ಕೊಬ್ಬ ಹುಡುಗ ಬೇಕಿತ್ತು. ಮೊದಲ ಬೇಸಿನ ದಡಿಯ, ಬ್ರಾಡಿ ಕ್ಲಾಕ್ಸ್‌ಟನ್, ಹೇಳಿ ಮಾಡಿಸಿದ ಹಾಗಿದ್ದ. ಆರಡಿ ಮೇಲೆ ಎತ್ತರ, ಅಗಲ ಎದೆ, ಜಾಹೀರಾತಿನಲ್ಲಿ ಹಾಕಬಹುದಾದ ಹಲ್ಲು. ಆಟಕ್ಕೆ ಮೊದಲಿನ ಅಭ್ಯಾಸದಲ್ಲಿ ಚೆಂಡನ್ನು ಬೇಲಿಯಾಚೆಯ ಪೈನ್ ತೋಪಿಗೆ ಅಟ್ಟುತ್ತಿದ್ದ. ಆಟದಲ್ಲಿ ಚೆಂಡು ಸ್ವಲ್ಪ ತಿರುಗಿದರೆ ಸಾಕು, ಜೇನುಹುಳ ಓಡಿಸುವವನಂತೆ ಬ್ಯಾಟು ಬೀಸುತ್ತಿದ್ದ. ಟಗಲ್ ಅವನ ಬ್ಯಾಟಿಗೆ ಮೂವತ್ತು ಅಂಕ ಹಾಕಿದ್ದ; ಅದರಲ್ಲಿ ಐದು ಹಲ್ಲಿಗೆ.

ಮುಂದಿನ ಆಟಕ್ಕೆ ಬೀಸ್ಲಿ ಬಂದೇ ಬಂದ. ಗುಂಡಗಿನ ಮೈ, ಒಣಹುಲ್ಲಿನ ಹ್ಯಾಟು, ಎದುರಿಗಿದ್ದವರ ಬೆನ್ನು ತಟ್ಟದೆ ಮಾತಾಡಲಾರದ ಕೈ.

“ಏನಪ್ಪಾ ಟಗಲ್, ಈ ಕೊಂಪೇಲಿ ಏನಿದೆ ಅಂತ ಬಂದೆ?”

“ಕಡಲೆಕಾಯಿ ಚೆನ್ನಾಗಿದೆ.”

“ಹೌದಾ? ಹಂಗಾದ್ರೆ ನಾನೂ ತಿಂತೀನಿ ಬಿಡು,” ಎಂದು ಬೀಸ್ಲಿ ಪಕ್ಕದಲ್ಲೇ ಕೂತ. ಕೂತವನು ಮೈದಾನಕ್ಕೆ ಅರ್ಧ ಬೆನ್ನು ಮಾಡಿದ್ದನ್ನು ಟಗಲ್ ಮೊದಲ ಬಾರಿಗೆ ಗಮನಿಸಿದ. ಇಷ್ಟು ವರ್ಷ ಇದನ್ನು ಸ್ನೇಹ ಎಂದುಕೊಂಡಿದ್ದ.

ರೂಫಸ್ ಎಸೆಯಲು ಬಂದಾಗ ಟಗಲ್ ಅಗಿದ. ಜೀವ ಕೈಯಲ್ಲಿ ಹಿಡಿದು ಅಗಿದ. ಸಿಪ್ಪೆ, ಬೀಜ, ಉಪ್ಪುನೀರು ಯಾವುದನ್ನೂ ನೋಡದೆ ಬಾಯಿಗೆ ತುಂಬಿದ. ತಲೆ ತಿರುಗಿಸಿ ಮೊದಲ ಬೇಸಿನಲ್ಲಿ ಮೂಗು ಕೆರೆದುಕೊಳ್ಳುತ್ತಿದ್ದ ಬ್ರಾಡಿಯನ್ನು ನೋಡಿದ. ಹಿಂದಿನಿಂದ ಚೆಂಡು ಗವಸಿಗೆ ಬಿದ್ದ ಸದ್ದು ಕೇಳುತ್ತಿತ್ತು, ಬ್ಯಾಟಿನವನ ಗೊಣಗು ಕೇಳುತ್ತಿತ್ತು, ತಿರುಗಿ ನೋಡುವಂತಿರಲಿಲ್ಲ. ಪಕ್ಕದ ಮನೆಯಲ್ಲಿ ಹಬ್ಬದ ಒಗ್ಗರಣೆ ಹಾಕಿದಾಗ ಉಪವಾಸದವನಿಗೆ ಆಗುವ ಸಂಕಟ ಅವನಿಗಾಯಿತು.

ಆಮೇಲೆ ಬ್ರಾಡಿ ಬ್ಯಾಟು ಹಿಡಿದು ಬಂದ. ಟಗಲ್ ಬಾಯಿಯ ಹತ್ತಿರ ಒಯ್ದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ದವಡೆ ನಿಲ್ಲಿಸಿದ. ಕಣ್ಣು ಮಿಟುಕಿಸುವುದನ್ನೂ ನಿಲ್ಲಿಸಿದ.

ಬ್ರಾಡಿ ಮೂರು ಸಲ ಬೀಸಿದ, ಮೂರು ಸಲವೂ ಗಾಳಿಗೆ ಹೊಡೆದ.

ಬೀಸ್ಲಿ ನಿಧಾನವಾಗಿ ಮೈದಾನದ ಕಡೆ ತಿರುಗಿದ. “ಯಾರಯ್ಯಾ ಆ ಹುಡುಗ?” ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದ.

“ಯಾವ ಹುಡುಗ?” ಎಂದ ಟಗಲ್, ಗಡಬಡಿಸಿ ಅಗಿಯುತ್ತ.

ಅಷ್ಟು ಸಾಕಾಯಿತು. ಮುಂದಿನ ಆಟಕ್ಕೆ ಮೆಟ್ಟಿಲಿನ ಮೇಲೆ ಎಂಟು ಸ್ಕೌಟುಗಳು. ಅದರ ಮುಂದಿನದಕ್ಕೆ ಇಪ್ಪತ್ತು. ಎಂಟು ಜನ ಬಂದರು ಎಂಬ ಕಾರಣಕ್ಕೆ ಉಳಿದವರು ಬಂದರು, ಇಪ್ಪತ್ತು ಜನ ಬಂದರು ಎಂಬ ಕಾರಣಕ್ಕೆ ಅವರ ಮೇಲಧಿಕಾರಿಗಳು ವಿಮಾನ ಹತ್ತಿ ಬಂದರು. ಇವರೆಲ್ಲ ಅನುಭವಸ್ಥರು. ಬ್ರಾಡಿ ಬ್ಯಾಟು ಬೀಸಿ ತಪ್ಪಿದರೆ, “ತಪ್ಪೋದ್ರಲ್ಲೂ ಒಂದು ಧೈರ್ಯ ಇದೆ ನೋಡಿ,” ಎನ್ನುತ್ತಿದ್ದರು. ಚೆಂಡು ಕೈಬಿಟ್ಟರೆ, “ಮೈ ಇನ್ನೂ ಬೆಳೀತಿದೆ, ಕೈ ಹೊಂದ್ಕೋಬೇಕು,” ಎಂದರು. ಒಬ್ಬ ಹಿರಿಯ ಅವನ ಮುಖವನ್ನೇ ಬಹಳ ಹೊತ್ತು ನೋಡಿ, ಇದು ದೊಡ್ಡ ಆಟಗಾರನ ಮುಖ ಎಂದು ತೀರ್ಪು ಕೊಟ್ಟ. ಟ್ರಕ್ಕು ಮಾರುವ ಬ್ರಾಡಿಯ ಅಪ್ಪ ಮೈದಾನದ ಹಿಂದೆ ಒಲೆ ಹೂಡಿ ಬಂದವರಿಗೆಲ್ಲ ಹಂದಿಯ ಪಕ್ಕೆಲುಬು ಸುಟ್ಟು ಬಡಿಸತೊಡಗಿದ. ರೂಫಸ್ ಎಸೆಯಲು ಬಂದನೆಂದರೆ ಸ್ಕೌಟುಗಳೆಲ್ಲ ಒಟ್ಟಿಗೆ ಎದ್ದು ಒಲೆಯ ಕಡೆ ನಡೆಯುತ್ತಿದ್ದರು. ಊಟಕ್ಕೆ ಅದೇ ಹೊತ್ತು ಎಂದಾಗಿಬಿಟ್ಟಿತು.

ಟಗಲ್ ಖುಷಿಯಲ್ಲಿ ಕರಗಿಹೋದ. ಉಪ್ಪು ತಿಂದು ತಿಂದು ಕಾಲು ಬಾತಿತ್ತು, ಡಾಕ್ಟರು ಬೈದಿದ್ದರು, ಆದರೂ ಅಗಿದ. ಎಲ್ಲರೊಂದಿಗೆ ಒಲೆಯ ಹತ್ತಿರ ಹೋಗಿ, ಎಲುಬು ಕಚ್ಚುತ್ತ, ಪಕ್ಕದಲ್ಲಿ ನಿಂತ ಟ್ರಕ್ಕಿನ ಕನ್ನಡಿಯಲ್ಲಿ ರೂಫಸ್‌ನ ಎಸೆತ ನೋಡುತ್ತಿದ್ದ. ಕನ್ನಡಿಯಲ್ಲಿ ಎಡಗೈ ಬಲಗೈಯಾಗಿ ಕಾಣುತ್ತಿತ್ತು, ಇರಲಿ.

ಒಂದೇ ಒಂದು ದಿನ ಮನಸ್ಸಿಗೆ ಮುಳ್ಳು ಚುಚ್ಚಿತು. ಆಟ ಮುಗಿದಿತ್ತು. ಎದುರಿನ ತಂಡ ರೂಫಸ್‌ನ ಚೆಂಡನ್ನು ಮುಟ್ಟಲಿಕ್ಕೂ ಆಗದೆ ಸೋತಿತ್ತು. ಹುಡುಗ ಬೆವರು ಒರೆಸಿಕೊಳ್ಳುತ್ತ ನೇರ ಟಗಲ್‌ನ ಹತ್ತಿರ ಬಂದು ನಿಂತ.

“ಸಾರ್, ನೀವು ಎಲ್ಲಾ ಆಟಕ್ಕೂ ಬರ್ತೀರಿ. ನನ್ನ ಎಸೆತದಲ್ಲಿ ಏನಾದ್ರೂ ತಿದ್ಕೊಳ್ಳೋದಿದ್ರೆ ಹೇಳ್ತೀರಾ?”

ತಿದ್ದುವುದೇ? ಕೈ ಮುಗಿಯಬೇಕು ಅನ್ನಿಸಿತ್ತು ಟಗಲ್‌ಗೆ. ಆದರೆ ಬೀಸ್ಲಿ ಎರಡು ಹೆಜ್ಜೆ ದೂರದಲ್ಲಿ ಹಲ್ಲುಕಡ್ಡಿ ಆಡಿಸುತ್ತಿದ್ದ. ಟಗಲ್ ಹುಡುಗನ ಹೆಗಲಾಚೆ ನೋಡುತ್ತ, “ನೀನು ಎಸೀತಿದ್ಯಾ? ಗಮನಿಸ್ಲಿಲ್ಲಪ್ಪ. ಬ್ರಾಡಿ ಯಾವ ಕಡೆ ಹೋದ?” ಎಂದ.

ರೂಫಸ್ ಸುಮ್ಮನೆ ಕೈ ತೋರಿಸಿ ಹೊರಟುಹೋದ. ಟಗಲ್ ಆ ರಾತ್ರಿ ಲೂರೀನ್‌ಗೆ ಇದನ್ನು ಹೇಳಲಿಲ್ಲ. ಎಲ್ಲವನ್ನೂ ಹೇಳುವವನು ಇದೊಂದನ್ನು ಬಿಟ್ಟನೆಂದರೆ ಅವನಿಗೇ ಗೊತ್ತಿತ್ತು, ಮಾಡಿದ್ದು ಕೆಟ್ಟ ಕೆಲಸ.

ಜೂನ್ ಬಂತು. ಡ್ರಾಫ್ಟಿಗೆ ಎರಡು ದಿನ ಮೊದಲು ಕ್ಲಬ್ಬಿನ ಕಚೇರಿಯಲ್ಲಿ ಕಡೆಯ ಸಭೆ. ಉದ್ದ ಗೋಡೆಯ ಮೇಲೆ ದೇಶದ ಹುಡುಗರ ಹೆಸರನ್ನೆಲ್ಲ ಅಯಸ್ಕಾಂತದ ಪಟ್ಟಿಗಳಲ್ಲಿ ಬರೆದು ಮೇಲಿಂದ ಕೆಳಗೆ ಅಂಟಿಸಿದ್ದರು. ಟಗಲ್ ಕನ್ನಡಕ ಒರೆಸಿಕೊಂಡು ಹುಡುಕಿದ. ಮೇಲಿಂದ ನಾಲ್ಕನೆಯ ಹೆಸರು ಬ್ರಾಡಿ ಕ್ಲಾಕ್ಸ್‌ಟನ್. ರೂಫಸ್ ಟಿಲ್ಮನ್ ಗೋಡೆಯ ಬುಡದಲ್ಲಿ, ಕಸದ ಬುಟ್ಟಿಯ ಹಿಂದೆ ಅರ್ಧ ಮರೆಯಾಗಿದ್ದ.

“ಇದೇನಿದು?” ಎಂದ ಟಗಲ್. “ಬ್ರಾಡಿಗೆ ನಾನು ಮೂವತ್ತು ಕೊಟ್ಟಿದ್ದೆ. ಟಿಲ್ಮನ್‌ಗೆ ಅರವತ್ತು.”

ಗ್ರೆಚೆನ್ ಕೈಕಟ್ಟಿ ನಿಂತಳು. “ಅದನ್ನೇ ಕೇಳಬೇಕು ಅಂತಿದ್ದೆ. ಇಪ್ಪತ್ತು ಕ್ಲಬ್ಬಿನೋರು ಬ್ರಾಡಿ ಬ್ರಾಡಿ ಅಂತ ಬಾಯಿಬಾಯಿ ಬಡ್ಕೋತಿದಾರೆ. ಯಾಕೆ ಅಂತ ವಿಚಾರಿಸಿದ್ರೆ, ನಿಮ್ಮ ಟಗಲ್ ಅವನನ್ನ ನೋಡಿದಾಗೆಲ್ಲ ಕಲ್ಲಾಗ್ತಾನೆ ಅಂತಾರೆ. ನನಗೆ ಮಾತ್ರ ಮೂವತ್ತು ಅಂತ ಬರ್ದು ಕಳಿಸ್ತೀರಿ. ಯಾರಿಗೋಸ್ಕರ ಮುಚ್ಚಿಡ್ತಿದೀರಿ ವೆಂಡೆಲ್? ಬೀಸ್ಲಿಗಾ?”

“ಅಯ್ಯೋ, ಬೀಸ್ಲಿಯಿಂದ ಮುಚ್ಚಿಡೋಕೇ ಅಮ್ಮಾ ಇಷ್ಟೆಲ್ಲ ಮಾಡಿದ್ದು!”

“ಏನ್ ಮಾಡಿದ್ರಿ?”

ಕೋಣೆಯಲ್ಲಿ ಸೂಟು ಹಾಕಿದ ಹನ್ನೆರಡು ಜನ ತಿರುಗಿ ನೋಡುತ್ತಿದ್ದರು. ಟಗಲ್‌ಗೆ ಬೇರೆ ದಾರಿ ಉಳಿದಿರಲಿಲ್ಲ. ಫ್ರಿಜ್ಜು, ಪೈ, ಅಡಿಗೆಮನೆ, ಒಲೆ, ಟ್ರಕ್ಕಿನ ಕನ್ನಡಿ ಎಲ್ಲವನ್ನೂ ಹೇಳಿದ. ದವಡೆ ಹೇಗೆ ನಿಲ್ಲಿಸಿದೆ ಎಂದು ಮಾಡಿಯೂ ತೋರಿಸಿದ. ಗ್ರೆಚೆನ್ ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ಕುರ್ಚಿ ಎಳೆದು ಕೂತಳು, ಕಡೆಗೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಕಣ್ಣೊರೆಸಿಕೊಂಡು ಎದ್ದು ಬ್ರಾಡಿಯ ಪಟ್ಟಿಯನ್ನು ಕಿತ್ತು ಟಗಲ್‌ನ ಕೈಗೇ ಕೊಟ್ಟಳು.

“ಇದನ್ನ ಬೀಸ್ಲಿಗೆ ಬಿಡೋಣ. ಪಿಚರ್‌ನ ಮೇಲಕ್ಕೆ ಹಾಕ್ತೀನಿ. ಆದ್ರೆ ಹುಡುಗ ಒಪ್ಕೊಂಡಿದಾನಾ? ನಾವು ಹೆಸರು ಕೂಗಿದ ಮೇಲೆ ಬರಲ್ಲ ಅಂದ್ರೆ ನಮ್ಮ ಸರದಿ ಮಣ್ಣಾಗುತ್ತೆ.”

ಟಗಲ್ ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಹುಡುಗನನ್ನು ಕೇಳುವುದೆಂದರೆ ಅವನ ಮನೆಗೆ ಹೋಗಬೇಕು; ಮನೆಗೆ ಹೋದರೆ ಗುಟ್ಟು ಬಯಲಾಗುತ್ತದೆಂದು ಮುಂದೂಡುತ್ತ ಬಂದಿದ್ದ.

“ಇನ್ನೂ ಕೇಳಿಲ್ಲ.”

“ನಾಳೆ ಸಂಜೆ ಎಂಟಕ್ಕೆ ಫೋನ್ ಮಾಡ್ತೀನಿ,” ಎಂದಳು ಗ್ರೆಚೆನ್. ನಗು ಪೂರ್ತಿ ಹೋಗಿತ್ತು. “ಹೂಂ ಅಂದ್ರೆ ಹುಡುಗ ನಮ್ಮವನು. ಇಲ್ಲಾಂದ್ರೆ, ವೆಂಡೆಲ್, ಕೀ.”

ಮರುದಿನ ಸಂಜೆ ಟಗಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೈನಿ ಬ್ಲಫ್‌ನ ಟಿಲ್ಮನ್ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಏಳೂವರೆ ಆಗಿತ್ತು, ಬಿಸಿಲು ಇನ್ನೂ ಇತ್ತು. ಜಗಲಿಯಲ್ಲಿ ರೂಫಸ್ ಕೂತಿದ್ದ. ಅವನ ಪಕ್ಕದಲ್ಲಿ, ಮೀನಿನ ಗಾಳದ ದಾರ ಬಿಡಿಸುತ್ತ, ಬ್ರಾಡಿ. ರೂಫಸ್‌ನ ತಾಯಿ ವರ್ನೀಸ್ ಜಾಲರಿ ಬಾಗಿಲ ಹಿಂದೆ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. ಶಾಲೆಯ ಬಸ್ಸು ಓಡಿಸುವ ಹೆಂಗಸು. ಕೂಗಾಡುವ ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸಬಲ್ಲವಳು.

“ಬ್ರಾಡಿನ ಹುಡ್ಕೊಂಡು ಬಂದ್ರಾ ಸಾರ್?” ಎಂದ ರೂಫಸ್. “ಇಲ್ಲೇ ಇದಾನೆ ನೋಡಿ.”

“ಇಲ್ಲಪ್ಪ. ನಿನ್ನ ನೋಡೋಕೆ ಬಂದೆ. ನಾಳೆ ಡ್ರಾಫ್ಟಲ್ಲಿ ನಮ್ಮ ಕ್ಲಬ್ಬು ನಿನ್ನ ಹೆಸರು ಕೂಗುತ್ತೆ, ನೀನು ಬರ್ತೀನಿ ಅಂದ್ರೆ.”

ರೂಫಸ್ ನಕ್ಕುಬಿಟ್ಟ, ಆದರೆ ಆ ನಗುವಿನಲ್ಲಿ ಸೊಗಸಿರಲಿಲ್ಲ.

“ಬ್ರಾಡಿ ಬೀಸ್ಲಿಯವರ ಪಾಲಾಗ್ತಾನೆ ಅಂತ ಗೊತ್ತಾಯ್ತು, ಅದಕ್ಕೆ ನನ್ನ ಹತ್ರ ಬಂದ್ರಿ. ಅಲ್ವಾ? ಸೋಮವಾರ ಸವಾನಾ ಬಂದರಿಗೆ ಹೋಗ್ತಿದೀನಿ ಸಾರ್, ಕ್ರೇನ್ ಕೆಲಸ ಕಲಿಯೋಕೆ. ಗ್ಲೋವ್ ಇವನಿಗೆ ಕೊಟ್ಟುಬಿಟ್ಟೆ.”

“ಯಾಕೆ?”

“ಯಾಕೆ ಅಂದ್ರೆ? ಇಪ್ಪತ್ತು ಜನ ದೊಡ್ಡವರು ಮೂರು ತಿಂಗಳು ನಮ್ಮ ಮೈದಾನದಲ್ಲಿ ಕೂತಿದ್ರು. ನಾನು ಎಸೆಯೋಕೆ ಬಂದ್ರೆ ಎದ್ದು ತಿನ್ನೋಕೆ ಹೋಗ್ತಿದ್ರು. ನೀವಂತೂ ಒಂದ್ಸಲನೂ ನನ್ನ ಕಡೆ ನೋಡ್ಲಿಲ್ಲ. ಬಾಯಿಬಿಟ್ಟು ಕೇಳ್ದೆ, ಎಸೀತಿದ್ಯಾ ಅಂದ್ರಿ. ಗೊತ್ತಿರೋರು ಅಷ್ಟು ಜನ ನೋಡ್ಲಿಲ್ಲ ಅಂದ್ಮೇಲೆ ನೋಡೋಂಥದ್ದು ಏನೂ ಇಲ್ಲ ಅಂತ ಅರ್ಥ ಮಾಡ್ಕೊಂಡೆ.”

ಬೀಸ್ಲಿಯನ್ನು ನಂಬಿಸುವ ಭರದಲ್ಲಿ ಈ ಹುಡುಗನೂ ನಂಬಿಬಿಡುತ್ತಾನೆಂದು ಟಗಲ್‌ಗೆ ಹೊಳೆದಿರಲೇ ಇಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ನಿನ್ನೆ ಸೂಟಿನವರ ಮುಂದೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಇಲ್ಲಿ ಯಾರೂ ನಗಲಿಲ್ಲ. ಬ್ರಾಡಿ ಮಾತ್ರ ತಲೆಯಾಡಿಸಿದ.

“ನಂಗೆ ಮೊದ್ಲೇ ಅನುಮಾನ ಇತ್ತು ಸಾರ್. ನಾನು ಮೂರು ಸಲ ಬೀಸಿ ಔಟಾದಾಗ ನಮ್ಮಮ್ಮನೂ ನನ್ನ ಅಷ್ಟು ಪ್ರೀತಿಯಿಂದ ನೋಡಿಲ್ಲ. ಬೀಸ್ಲಿ ಸಾರ್ ನನ್ನೇ ತಗೋತಾರಂತೆ. ಪಾಪ.”

ಜಾಲರಿ ಬಾಗಿಲು ತೆರೆದು ವರ್ನೀಸ್ ಹೊರಗೆ ಬಂದಳು.

“ಟಗಲ್ ಅವರೇ, ನಿಮಗೆ ಮದುವೆ ಆಗಿದ್ಯಾ?”

“ಆಗಿದೆ ಅಮ್ಮಾ.”

“ಹೆಂಡ್ತಿನ ಮೆಚ್ಚಿಕೊಂಡಾಗ ಮೂರು ತಿಂಗಳು ಅವಳ ತಂಗಿನ ನೋಡ್ತಾ ಕೂತಿದ್ರಾ?”

ಈ ಪ್ರಶ್ನೆಗೆ ಇಪ್ಪತ್ತರಿಂದ ಎಂಬತ್ತರೊಳಗೆ ಎಲ್ಲಿಯೂ ಉತ್ತರ ಇರಲಿಲ್ಲ.

“ನನ್ನ ಮಗ ಆಟ ಮುಗಿಸಿ ಬಂದು ಕೋಣೆ ಬಾಗಿಲು ಹಾಕ್ಕೋತಿದ್ದ. ಕೇಳಿದ್ರೆ ಏನಿಲ್ಲ ಅಂತಿದ್ದ. ನಿಮ್ಮ ಜಾಣತನದ ಸಂಬಳ ಯಾರು ಕೊಟ್ರು ನೋಡಿ.”

“ತಪ್ಪಾಯ್ತು,” ಎಂದ ಟಗಲ್. ಆ ಕಸುಬಿನಲ್ಲಿ ಯಾರೂ ಬಳಸದ ಮಾತು ಅದು, ಅವನ ಬಾಯಿಗೂ ಹೊಸದು. “ನೀನು ನಂಬದಿದ್ರೂ ಹೇಳ್ತೀನಿ ರೂಫಸ್. ಏಪ್ರಿಲ್‌ನಲ್ಲಿ, ಇವನು ಚೆಂಡು ಕೈಬಿಟ್ಟು ಮೂರು ಬೇಸಲ್ಲೂ ಎದುರಿನವರೇ ನಿಂತಿದ್ರಲ್ಲ, ಆಗ ನೀನು ಆ ಕೆಂಪು ಕೂದಲಿನ ಹುಡುಗನಿಗೆ ನಿಧಾನದ ಚೆಂಡು ಎಸೆದೆ. ಬೇರೆ ಯಾರಾದ್ರೂ ಹೆದರಿ ಜೋರಾಗಿ ಎಸೀತಿದ್ರು. ಅವನು ಬೀಸಿ ತಿರುಗಿ ಕುಂಡೆ ಊರಿ ಕೂತ. ಅದನ್ನ ನಾನು ಟ್ರಕ್ಕಿನ ಕನ್ನಡಿಯಲ್ಲಿ ನೋಡ್ದೆ. ಕೈಯಲ್ಲಿದ್ದ ತಟ್ಟೆ ಬಿತ್ತು. ಬೀಸ್ಲಿ ಕೇಳಿದ್ದಕ್ಕೆ ಇರುವೆ ಕಚ್ತು ಅಂದೆ.”

ರೂಫಸ್ ಬ್ರಾಡಿಯ ಕೈಯಿಂದ ಗಾಳದ ದಾರ ತೆಗೆದುಕೊಂಡು ಒಂದು ಗಂಟು ಬಿಡಿಸಿದ. ಎದ್ದು ಹೋಗಲಿಲ್ಲ. ಆಮೇಲೆ ಕೇಳಿದ: “ನಾನು ಬಂದ್ರೆ, ಅಲ್ಲಿ ಆಡೋವಾಗ ನೀವು ನೋಡೋಕೆ ಬರ್ತೀರಾ? ಎದುರಿಗೇ ಕೂತು?”

ಹೂಂ ಅಂದಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು. ನಾಲಗೆಯ ತುದಿಗೆ ಬಂದೂ ಬಂದಿತ್ತು. ಆದರೆ ಈ ಹುಡುಗನಿಗೆ ಇನ್ನೊಂದು ಸುಳ್ಳು ಹೇಳಲು ಟಗಲ್‌ಗೆ ಆಗಲಿಲ್ಲ.

“ಇಲ್ಲಪ್ಪ. ನೀನು ಸಹಿ ಹಾಕಿದ ದಿನಕ್ಕೆ ನನ್ನ ಕೆಲಸ ಮುಗೀತು. ನಿನ್ನ ದೂರದೂರಿಗೆ ಕಳಿಸ್ತಾರೆ, ಅಲ್ಲಿ ಬೇರೆಯವರು ನೋಡ್ಕೋತಾರೆ. ನನ್ನ ವಾಪಸ್ ಇದೇ ಸೀಮೆಗೆ ಅಟ್ಟುತಾರೆ, ಇನ್ನೊಬ್ಬ ಹುಡುಗನ್ನ ಹುಡುಕು ಅಂತ. ನನಗೆ ನಿನ್ನ ನೋಡೋಕೆ ಇದ್ದಿದ್ದು ಈ ಮೂರು ತಿಂಗಳೇ.” ಹೇಳುತ್ತ ಹೇಳುತ್ತಲೇ ಅವನಿಗೆ ಅದು ಅರ್ಥವಾಯಿತು. “ಅಷ್ಟನ್ನೂ ಆ ಕಡೆ ಈ ಕಡೆ ನೋಡ್ತಾ ಕಳೆದೆ.”

“ಅಂದ್ರೆ ನೀವು ನನ್ನ ಒಂದ್ಸಲನೂ ನೆಟ್ಟಗೆ ನೋಡೇ ಇಲ್ಲ.”

“ಒಂದೇ ಸಲ. ಮಾರ್ಚಿನಲ್ಲಿ, ಮೊದಲನೇ ದಿನ.”

ರೂಫಸ್ ತಾಯಿಯ ಮುಖ ನೋಡಿದ. ತಾಯಿ ಒಳಗೆ ಹೋಗಿ ಅಡಿಗೆಮನೆಯ ಕುರ್ಚಿಯೊಂದನ್ನು ತಂದು ಅಂಗಳದ ನಟ್ಟನಡುವೆ ಇಟ್ಟು, “ಕೂತ್ಕೊಳ್ಳಿ,” ಎಂದಳು. ಬ್ರಾಡಿ ತನ್ನ ಟ್ರಕ್ಕಿನಿಂದ ಗ್ಲೋವನ್ನು ತಂದು ರೂಫಸ್‌ನ ತೊಡೆಯ ಮೇಲೆ ಹಾಕಿದ. ತಾನೊಂದು ಹಳೆಯ ಗವಸು ತೊಟ್ಟು ಕೋಳಿಗೂಡಿನ ಹತ್ತಿರ ಕುಕ್ಕರುಗಾಲಲ್ಲಿ ಕೂತ.

ರೂಫಸ್ ಅಂಗಳದ ಆ ತುದಿಗೆ ಹೋಗಿ ಕೈ ಬೀಸಿಕೊಂಡ. ಮೊದಲ ಎಸೆತ ಬ್ರಾಡಿಯ ತಲೆಯ ಮೇಲೆ ಹೋಗಿ ಕೋಳಿಗಳೆಲ್ಲ ಬೊಬ್ಬೆ ಹಾಕಿದವು. ಎರಡನೆಯದು ಗವಸಿನ ನಡುವೆ ಬಿತ್ತು. ಮೂರನೆಯದೂ ಅಲ್ಲೇ. ಆಮೇಲೆ ಬ್ರಾಡಿ ಗವಸನ್ನು ಅಲುಗಿಸಬೇಕಾಗಲೇ ಇಲ್ಲ. ಇಳಿಬಿಸಿಲು ಹುಡುಗನ ಎಡಗೈ ಮೇಲೆ ಬೀಳುತ್ತಿತ್ತು. ಟಗಲ್ ಎರಡೂ ಕೈಯನ್ನು ಮೊಣಕಾಲ ಮೇಲೆ ಊರಿ, ಯಾರಿಗೂ ಹೆದರದೆ, ಕಣ್ಣು ತುಂಬ ನೋಡಿದ. ಕಣ್ಣು ನಿಜವಾಗಿಯೂ ತುಂಬಿತ್ತು, ಒರೆಸಿಕೊಂಡರೆ ಒಂದು ಎಸೆತ ತಪ್ಪುತ್ತದೆಂದು ಒರೆಸಿಕೊಳ್ಳಲಿಲ್ಲ. ಅಂಕ ಹಾಕುವುದು ನೆನಪಾಗಲಿಲ್ಲ.

ಎಂಟಕ್ಕೆ ಸರಿಯಾಗಿ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಬಡಿದುಕೊಂಡಿತು. ಟಗಲ್ ಅಲುಗಲಿಲ್ಲ.

“ನಿಮ್ಮ ಫೋನು,” ಎಂದಳು ವರ್ನೀಸ್.

“ಕಾಯ್ಲಿ ಅಮ್ಮಾ.”

“ಯಾರದು?”

“ನನ್ನ ಕೆಲಸ ಇರುತ್ತಾ ಹೋಗುತ್ತಾ ಹೇಳೋರು.”

ಫೋನು ಮೂರನೆಯ ಸಲ ಶುರುವಾಯಿತು. ರೂಫಸ್ ಚೆಂಡು ಹಿಡಿದ ಕೈಯನ್ನು ಕೆಳಗಿಳಿಸಿ, ಅಂಗಳದ ಆ ತುದಿಯಿಂದ ಟಗಲ್‌ನನ್ನು ನೋಡಿದ. ಇವನೂ ಅವನನ್ನೇ ನೋಡುತ್ತಿದ್ದ. ಈ ಸಲ ಯಾರೂ ಮುಖ ತಿರುಗಿಸಲಿಲ್ಲ.

“ತಗೊಳ್ಳಿ ಸಾರ್,” ಎಂದು ಕೂಗಿದ ರೂಫಸ್. “ಬರ್ತಾನೆ ಅಂತ ಹೇಳಿ.”

ಟಗಲ್ ಫೋನನ್ನು ಕಿವಿಗೆ ಹಿಡಿದ.

“ಎಷ್ಟು ಸಲ ಮಾಡೋದು ವೆಂಡೆಲ್? ಹುಡುಗ ಏನಂತಾನೆ?” ಎಂದಳು ಗ್ರೆಚೆನ್.

“ಬರ್ತಾನಂತೆ.”

“ಸರಿ. ಇಡೋ ಮುಂಚೆ ಒಂದು ಮಾತು, ಅವನ ತಿರುಗುವ ಚೆಂಡಿಗೆ ಎಷ್ಟು ಅಂಕ...”

“ಆಮೇಲೆ ಹೇಳ್ತೀನಮ್ಮಾ, ಅವನು ಎಸೀತಿದಾನೆ,” ಎಂದು ಟಗಲ್ ಫೋನನ್ನು ಜೇಬಿಗಿಳಿಸಿ, ಬೆಳಕು ಪೂರ್ತಿ ಹೋಗುವವರೆಗೆ ಆ ಕುರ್ಚಿಯಿಂದ ಏಳಲಿಲ್ಲ.